ಸ್ಪ್ರಿಂಗ್ ಎತ್ತರಿಸಿದ ವಾಹನದ ವಾಲುವಿಕೆ

ಸ್ಪ್ರಿಂಗ್ ಎತ್ತರಿಸಿದ ವಾಹನದ ವಾಲುವಿಕೆ ಎಂದರೆ, ಜೀಪು, ಕಾರು, ಪಿಕಪ್ ಮುಂತಾದ ವಾಹನಗಳಿಗೆ ಮೂಲ ಸ್ಪ್ರಿಂಗ್‌ಗಳ ಬದಲು ಹೆಚ್ಚು ಎತ್ತರದ ಸ್ಪ್ರಿಂಗ್‌ಗಳನ್ನು ಅಳವಡಿಸಿದ ಮೇಲೆ ಅಥವಾ ಇದ್ದ ಪಾಟಾಕ್ಕೆ ಹೆಚ್ಚುವರಿ ಪಟ್ಟಿ ಸೇರಿಸಿದ ಮೇಲೆ, ವಾಹನವು ಸಮತಟ್ಟಾದ ನೆಲದ ಮೇಲೂ ಒಂದು ಬದಿಗೆ ತಗ್ಗಿ ನಿಲ್ಲುವ ಸ್ಥಿತಿಯಾಗಿದೆ. ಹೊಸ ಸ್ಪ್ರಿಂಗ್ ದೋಷಯುಕ್ತವಾಗಿದೆ ಎಂಬುದು ಈ ಸ್ಥಿತಿಗೆ ಸಾಮಾನ್ಯವಾಗಿ ಕೊಡುವ ಮೊದಲ ವಿವರಣೆ. ಆದರೆ ಸ್ಪ್ರಿಂಗ್ ಕೂರಿಸಿದ ಕ್ರಮ, ಬುಷ್‌ಗಳನ್ನು ಬಿಗಿಗೊಳಿಸಿದ ವಿಧಾನ, ವಾಹನದ ಭಾರದ ಹಂಚಿಕೆ, ಟೈರುಗಳ ಸವೆತ ಮತ್ತು ಹಳೆಯ ಚಾಸಿಸ್‌ನ ತಿರುಚು ಕೂಡ ಇದಕ್ಕೆ ಕಾರಣವಾಗಬಲ್ಲವು. ಆದ್ದರಿಂದ ತಗ್ಗಿದ ಬದಿಗೆ ನೇರವಾಗಿ ಪ್ಯಾಕಿಂಗ್ ಇಡುವ ಬದಲು, ಅಳತೆಯಿಂದ ಕಾರಣವನ್ನು ಗುರುತಿಸಿ ಅದನ್ನು ನಿವಾರಿಸುವುದು ಸರಿಯಾದ ಕ್ರಮವೆಂದು ಪರಿಗಣಿಸಲಾಗುತ್ತದೆ.

ಪರಿಕಲ್ಪನೆ

ವಾಹನವು ತನ್ನ ಚಕ್ರಗಳ ಮೇಲೆ ನಿಂತಿರುವಾಗ ಅದರ ದೇಹ ನೆಲದಿಂದ ಅಥವಾ ಚಕ್ರದ ನಡುವಿನಿಂದ ಎಷ್ಟು ಮೇಲಿದೆ ಎಂಬ ಅಳತೆಯನ್ನು ನಿಲುವಿನ ಎತ್ತರ ಎನ್ನಬಹುದು. ಇದನ್ನು ನಿರ್ಧರಿಸುವ ಮುಖ್ಯ ಅಂಶಗಳು ಎರಡು: ಸ್ಪ್ರಿಂಗ್‌ನ ಮೇಲಿರುವ ಭಾರ ಮತ್ತು ಸ್ಪ್ರಿಂಗ್‌ನ ಬಿಗಿತ. ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದ ನಿಯಮದಂತೆ, ಸ್ಪ್ರಿಂಗ್ ಕುಗ್ಗುವ ಪ್ರಮಾಣವು ಅದರ ಮೇಲಿನ ಬಲಕ್ಕೆ ನೇರ ಅನುಪಾತದಲ್ಲಿರುತ್ತದೆ. ಒಂದು ಮಿಲಿಮೀಟರ್ ಕುಗ್ಗಿಸಲು ಬೇಕಾಗುವ ಬಲವನ್ನು ಆ ಸ್ಪ್ರಿಂಗ್‌ನ ಬಿಗಿತ ಅಥವಾ ಸ್ಪ್ರಿಂಗ್ ಸ್ಥಿರಾಂಕ ಎನ್ನುತ್ತಾರೆ.

ಈ ನಿಯಮವನ್ನು ಉದಾಹರಣೆಯೊಂದಿಗೆ ನೋಡಬಹುದು. ಭಾರತದಲ್ಲಿ ಚಾಲಕನ ಆಸನ ಬಲಬದಿಯಲ್ಲಿದೆ. ಚಾಲಕನ ತೂಕದಿಂದ ಬಲ ಮುಂಬದಿಯ ಸ್ಪ್ರಿಂಗ್‌ನ ಮೇಲೆ ಎಡ ಸ್ಪ್ರಿಂಗ್‌ಗಿಂತ 30 ಕಿ.ಗ್ರಾಂ ಹೆಚ್ಚು ಭಾರ ಬಿದ್ದರೆ, ಅದು ಸುಮಾರು 294 ನ್ಯೂಟನ್ ಬಲಕ್ಕೆ ಸಮ. ಸ್ಪ್ರಿಂಗ್‌ನ ಬಿಗಿತ ಪ್ರತಿ ಮಿಲಿಮೀಟರಿಗೆ 40 ನ್ಯೂಟನ್ ಆಗಿದ್ದಲ್ಲಿ ಬಲಬದಿ ಸುಮಾರು 7 ಮಿ.ಮೀ. ತಗ್ಗುತ್ತದೆ. ಅದೇ ವಾಹನಕ್ಕೆ 50 ನ್ಯೂಟನ್ ಬಿಗಿತದ ಎತ್ತರಿಸಿದ ಸ್ಪ್ರಿಂಗ್ ಹಾಕಿದರೆ ಈ ತಗ್ಗು ಸುಮಾರು 6 ಮಿ.ಮೀ.ಗೆ ಇಳಿಯಬೇಕು. ಅಂದರೆ, ಬಿಗಿತ ಹೆಚ್ಚಿರುವ ಸ್ಪ್ರಿಂಗ್ ಭಾರದ ಅಸಮತೆಯಿಂದಾಗುವ ವಾಲುವಿಕೆಯನ್ನು ಕಡಿಮೆ ಮಾಡುತ್ತದೆಯೇ ಹೊರತು ಹೆಚ್ಚಿಸುವುದಿಲ್ಲ. ಮೊದಲು 7 ಮಿ.ಮೀ. ಇದ್ದ ವ್ಯತ್ಯಾಸ ಹೊಸ ಸ್ಪ್ರಿಂಗ್‌ನ ನಂತರ 20 ಮಿ.ಮೀ. ಆದರೆ, ಹೆಚ್ಚಿದ ಪಾಲು ಅಳವಡಿಕೆಯಲ್ಲಿಯೋ ಸ್ಪ್ರಿಂಗ್ ಜೋಡಿಯಲ್ಲಿಯೋ ಹುಟ್ಟಿದ್ದೆಂದು ತಿಳಿಯಬೇಕು. ಈ ಕಾರಣಕ್ಕಾಗಿಯೇ ಹಳೆಯ ಸ್ಪ್ರಿಂಗ್ ಬಿಚ್ಚುವ ಮೊದಲು ನಾಲ್ಕೂ ಮೂಲೆಗಳ ಎತ್ತರವನ್ನು ಬರೆದಿಟ್ಟುಕೊಳ್ಳುವುದು ಮುಖ್ಯವೆನಿಸುತ್ತದೆ.

ಯಾದಗಿರಿ ಜಿಲ್ಲೆಯ ಹಿನ್ನೆಲೆ

ಕಲ್ಯಾಣ ಕರ್ನಾಟಕದ ಯಾದಗಿರಿ ಜಿಲ್ಲೆಯು 2009ರ ಡಿಸೆಂಬರ್ 30ರಂದು ಆಗಿನ ಗುಲ್ಬರ್ಗಾ ಜಿಲ್ಲೆಯಿಂದ ಬೇರ್ಪಟ್ಟು ರಚನೆಯಾಯಿತು. ಆಗ ಅದರಲ್ಲಿದ್ದ ತಾಲ್ಲೂಕುಗಳು ಯಾದಗಿರಿ, ಶಹಾಪುರ ಮತ್ತು ಸುರಪುರ. ಜಿಲ್ಲೆಯ ವಾಹನಗಳ ನೋಂದಣಿ ಸಂಕೇತ ಕೆಎ-33. ಕೃಷ್ಣಾ ಮತ್ತು ಭೀಮಾ ನದಿಗಳ ಈ ಪ್ರದೇಶದಲ್ಲಿ ಎರೆಮಣ್ಣಿನ ಹೊಲಗಳು ವ್ಯಾಪಕವಾಗಿವೆ. ಎರೆಮಣ್ಣು ನೀರು ಹೀರಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರುಕು ಬಿಡುತ್ತದೆ. ಇದರಿಂದ ಹೊಲದ ದಾರಿಗಳಲ್ಲಿ ಆಳವಾದ ಗಾಲಿಜಾಡುಗಳು ಮೂಡುತ್ತವೆ. ಇಂತಹ ಮಣ್ಣಿನ ಮೇಲೆ ಸಾಕಷ್ಟು ತಳಪಾಯವಿಲ್ಲದೆ ಹಾಕಿದ ಡಾಂಬರು ರಸ್ತೆಗಳೂ ಅಲೆಯಂತೆ ಏರಿಳಿಯುತ್ತವೆ. ಮಳೆಗಾಲದಲ್ಲಿ ಜಾಡಿನ ನಡುವಿನ ದಿಂಡಿಗೆ ವಾಹನದ ತಳ ತಾಗುವುದು ಸಾಮಾನ್ಯ. ನೆಲದಿಂದ ಹೆಚ್ಚು ಎತ್ತರವಿರುವ ವಾಹನಕ್ಕೆ ಬೇಡಿಕೆ ಬರುವುದು ಇಂತಹ ದಾರಿಗಳಿಂದಲೇ.

ನಾರಾಯಣಪುರದ ಬಸವಸಾಗರ ಜಲಾಶಯದ ಎಡದಂಡೆ ಕಾಲುವೆಯು ಸುರಪುರ ಮತ್ತು ಶಹಾಪುರ ಭಾಗದ ಭೂಮಿಗೆ ನೀರುಣಿಸುತ್ತದೆ. ಭತ್ತ, ಹತ್ತಿ ಮತ್ತು ತೊಗರಿ ಈ ಭಾಗದ ಮುಖ್ಯ ಬೆಳೆಗಳು. ಫಸಲು ಹೊಲದಿಂದ ಕಾಲುವೆ ಏರಿಯ ಮೇಲಿನ ಕಿರಿದಾದ ದಾರಿಯಲ್ಲಿ ಹಾದು, ಅಲ್ಲಿಂದ ಜೇವರ್ಗಿ, ಶಹಾಪುರ, ಸುರಪುರ, ಲಿಂಗಸುಗೂರುಗಳನ್ನು ಜೋಡಿಸುವ ರಾಷ್ಟ್ರೀಯ ಹೆದ್ದಾರಿ 150ಎ ಅಥವಾ ಇತರ ಮುಖ್ಯ ರಸ್ತೆಗಳನ್ನು ಸೇರುತ್ತದೆ. ಏರಿಯ ಒಂದು ಬದಿಗೆ ನೀರು, ಇನ್ನೊಂದು ಬದಿಗೆ ಇಳಿಜಾರು ಇರುವುದರಿಂದ, ಮೊದಲೇ ಒಂದು ಕಡೆಗೆ ವಾಲಿದ ಹೊರೆಗಾಡಿಗೆ ಇಂತಹ ದಾರಿ ಅಪಾಯಕಾರಿ. ಸ್ಪ್ರಿಂಗ್‌ಗಳ ಸಮತೆಯು ಇಲ್ಲಿ ಅಂದಕ್ಕೆ ಸಂಬಂಧಿಸಿದ ವಿಷಯವಾಗಿ ಉಳಿಯುವುದಿಲ್ಲ.

ಸ್ಪ್ರಿಂಗ್‌ಗಳ ಬಗೆಗಳು

ವಾಲುವಿಕೆಯ ಕಾರಣವೂ ಪರಿಹಾರವೂ ಸ್ಪ್ರಿಂಗ್‌ನ ಬಗೆಯನ್ನು ಅವಲಂಬಿಸಿವೆ.

ಪಾಟಾ: ಒಂದರ ಮೇಲೊಂದು ಜೋಡಿಸಿದ ಬಾಗಿದ ಉಕ್ಕಿನ ಪಟ್ಟಿಗಳ ಕಟ್ಟು. ಪಟ್ಟಿಗಳನ್ನು ನಡುವೆ ಸೆಂಟರ್ ಬೋಲ್ಟ್ ಹಿಡಿದಿಡುತ್ತದೆ. ಆಕ್ಸಲ್‌ಗೆ ಯು-ಬೋಲ್ಟ್‌ಗಳು ಬಿಗಿಯುತ್ತವೆ. ಒಂದು ತುದಿ ಚಾಸಿಸ್‌ಗೆ ನೇರವಾಗಿಯೂ ಇನ್ನೊಂದು ತುದಿ ಶ್ಯಾಕಲ್ ಎಂಬ ತೂಗುಕೊಂಡಿಯ ಮೂಲಕವೂ ಸೇರುತ್ತದೆ. ಮಾರುತಿ ಜಿಪ್ಸಿಯ ನಾಲ್ಕೂ ಚಕ್ರಗಳಿಗೆ ಪಾಟಾ ಇದೆ. ಮಹೀಂದ್ರ ಬೊಲೆರೊದ ಹಿಂಬದಿಯಲ್ಲಿ ಪಾಟಾ, ಮುಂಬದಿಯಲ್ಲಿ ಸುರುಳಿ ಸ್ಪ್ರಿಂಗ್ ಬಳಕೆಯಲ್ಲಿವೆ.

ಸುರುಳಿ ಸ್ಪ್ರಿಂಗ್: ಉಕ್ಕಿನ ಸರಳನ್ನು ಸುರುಳಿಯಾಗಿ ಸುತ್ತಿ ಮಾಡಿದ್ದು. 2020ರಲ್ಲಿ ಬಂದ ಮಹೀಂದ್ರ ಥಾರ್‌ನ ಮುಂಬದಿ-ಹಿಂಬದಿಗಳೆರಡರಲ್ಲೂ, 2023ರಲ್ಲಿ ಭಾರತಕ್ಕೆ ಬಂದ ಮಾರುತಿ ಸುಜುಕಿ ಜಿಮ್ನಿಯ ಎರಡೂ ಆಕ್ಸಲ್‌ಗಳಲ್ಲೂ ಈ ಬಗೆಯ ಸ್ಪ್ರಿಂಗ್ ಇದೆ. ಇದರ ಬಿಗಿತವು ಸರಳಿನ ದಪ್ಪದ ನಾಲ್ಕನೆಯ ಘಾತಕ್ಕೆ ಅನುಪಾತದಲ್ಲಿರುತ್ತದೆ. 14 ಮಿ.ಮೀ. ದಪ್ಪದ ಸರಳಿನ ಬದಲು 13.8 ಮಿ.ಮೀ. ಸರಳು ಬಳಸಿದರೆ ಬಿಗಿತ ಸುಮಾರು ಶೇ. 5.6ರಷ್ಟು ಇಳಿಯುತ್ತದೆ. ಭಾರದಡಿ 120 ಮಿ.ಮೀ. ಕುಗ್ಗಬೇಕಾದ ಸ್ಪ್ರಿಂಗ್ ಆಗ ಸುಮಾರು 127 ಮಿ.ಮೀ. ಕುಗ್ಗುತ್ತದೆ. ಕೈಯಲ್ಲಿ ಹಿಡಿದು ನೋಡಿದಾಗ ಸಮ ಉದ್ದವಿರುವ ಎರಡು ಸ್ಪ್ರಿಂಗ್‌ಗಳು ವಾಹನದಡಿಯಲ್ಲಿ 7 ಮಿ.ಮೀ. ಅಂತರ ತೋರಬಲ್ಲವು ಎಂಬುದು ಇದರ ತಾತ್ಪರ್ಯ.

ಟಾರ್ಷನ್ ಬಾರ್: ಉದ್ದಕ್ಕೆ ಇಟ್ಟ ಉಕ್ಕಿನ ಸರಳು ತಿರುಚಿಕೊಳ್ಳುವ ಮೂಲಕ ಭಾರ ಹೊರುವ ವ್ಯವಸ್ಥೆ. 2010ರಲ್ಲಿ ಬಂದ ಮೊದಲ ತಲೆಮಾರಿನ ಥಾರ್‌ನ ಸ್ವತಂತ್ರ ಮುಂಬದಿ ಸಸ್ಪೆನ್ಷನ್ ಈ ಬಗೆಯದು. ಇದರ ಬುಡದಲ್ಲಿರುವ ಹೊಂದಿಕೆ ಬೋಲ್ಟನ್ನು ತಿರುಗಿಸಿ ಎತ್ತರವನ್ನು ಏರಿಸಬಹುದು ಅಥವಾ ಇಳಿಸಬಹುದು.

ಕಾರಣಗಳು

ಭಾರದ ಅಸಮತೆ: ಚಾಲಕ, ಇಂಧನ ಟ್ಯಾಂಕ್, ಬ್ಯಾಟರಿ, ಸ್ಟೆಪ್ನಿ ಮತ್ತು ಉಪಕರಣಗಳ ಪೆಟ್ಟಿಗೆ ಒಂದೇ ಬದಿಯಲ್ಲಿದ್ದರೆ ಆ ಬದಿ ತಗ್ಗುತ್ತದೆ. ಕಬ್ಬಿಣದ ಬಂಪರ್, ವಿಂಚ್, ಮೇಲ್ಛಾವಣಿಯ ಕ್ಯಾರಿಯರ್ ಮೊದಲಾದ ಸೇರ್ಪಡೆಗಳಿಂದಲೂ ಭಾರದ ಹಂಚಿಕೆ ಬದಲಾಗಬಹುದು.

ಎಡ-ಬಲ ಸ್ಪ್ರಿಂಗ್‌ಗಳ ಅದಲುಬದಲು: ಕೆಲವು ತಯಾರಕರು ಚಾಲಕನ ಬದಿಗೆ ತುಸು ಉದ್ದದ ಅಥವಾ ತುಸು ಬಿಗಿಯಾದ ಸ್ಪ್ರಿಂಗ್ ಕೊಡುತ್ತಾರೆ. ಎಡಬದಿ ಚಾಲನೆಯ ದೇಶಗಳಿಗಾಗಿ ಮಾಡಿದ ಜೋಡಿಯನ್ನು ಎಡ, ಬಲ ಎಂಬ ಚೀಟಿಯನ್ನಷ್ಟೇ ನೋಡಿ ಭಾರತದ ವಾಹನಕ್ಕೆ ಹಾಕಿದರೆ, ಉದ್ದದ ಸ್ಪ್ರಿಂಗ್ ಹಗುರವಾದ ಬದಿಗೆ ಬಂದು ವಾಲುವಿಕೆ ಇಮ್ಮಡಿಯಾಗಬಹುದು.

ಕೂರಿಕೆಯ ದೋಷ: ಸುರುಳಿ ಸ್ಪ್ರಿಂಗ್‌ನ ಕೊನೆಯ ತುದಿ ತಟ್ಟೆಯಲ್ಲಿರುವ ತಡೆಗೆ ತಾಗಿ ಕೂರಬೇಕು. ಅದು ತಡೆಯನ್ನು ಏರಿ ನಿಂತರೆ, ಅಥವಾ ನಡುವಿನ ರಬ್ಬರ್ ಪದರ ಮಡಚಿಕೊಂಡರೆ, ಇಲ್ಲವೇ ಒಂದು ಬದಿಯಲ್ಲಿ ಬಿಟ್ಟುಹೋದರೆ ಹಲವು ಮಿಲಿಮೀಟರುಗಳ ಅಂತರ ಬರುತ್ತದೆ. ಪಾಟಾದಲ್ಲಿ ಸೆಂಟರ್ ಬೋಲ್ಟಿನ ತಲೆ ಆಕ್ಸಲ್‌ನ ಕುಳಿಯೊಳಗೆ ಸರಿಯಾಗಿ ಇಳಿಯದಿರುವುದು ಇದೇ ಬಗೆಯ ದೋಷ. ಇದರಿಂದ ಎತ್ತರದ ಜೊತೆಗೆ ಆಕ್ಸಲ್‌ನ ನೇರವೂ ಕೆಡುತ್ತದೆ.

ತೂಗಾಡುವ ಸ್ಥಿತಿಯಲ್ಲಿ ಬಿಗಿದ ಬುಷ್: ಅನೇಕ ಸಸ್ಪೆನ್ಷನ್ ಬುಷ್‌ಗಳಲ್ಲಿ ರಬ್ಬರ್ ಒಳ-ಹೊರ ಕೊಳವೆಗಳಿಗೆ ಅಂಟಿಕೊಂಡಿರುತ್ತದೆ. ವಾಹನವನ್ನು ಜಾಕ್ ಮೇಲೆ ಎತ್ತಿ ಚಕ್ರಗಳು ಕೆಳಗೆ ತೂಗಾಡುತ್ತಿರುವಾಗ ಬೋಲ್ಟ್ ಬಿಗಿದರೆ, ವಾಹನ ಕೆಳಗಿಳಿದಾಗ ರಬ್ಬರ್ ತಿರುಚಿಕೊಂಡು ತಾನೇ ಒಂದು ಸ್ಪ್ರಿಂಗ್‌ನಂತೆ ದೇಹವನ್ನು ಮೇಲಕ್ಕೆ ತಳ್ಳುತ್ತದೆ. ಎರಡು ಬದಿಗಳನ್ನು ಬೇರೆ ಬೇರೆ ಸ್ಥಿತಿಯಲ್ಲಿ ಬಿಗಿದಿದ್ದರೆ ವಾಹನ ವಾಲುತ್ತದೆ. ಇಂತಹ ಬುಷ್ ಬಹುಬೇಗ ಹರಿದುಹೋಗುತ್ತದೆ.

ಆಂಟಿ-ರೋಲ್ ಬಾರ್‌ನ ಎಳೆತ: ಎಡ-ಬಲ ಚಕ್ರಗಳನ್ನು ಜೋಡಿಸುವ ಈ ಸರಳಿನ ಕೊಂಡಿಗಳು ಸಮ ಉದ್ದದಲ್ಲಿರದಿದ್ದರೆ ಅದು ನಿಂತ ವಾಹನವನ್ನೂ ಒಂದು ಕಡೆಗೆ ತಿರುಚುತ್ತದೆ.

ಪಾಟಾದ ಒಳಘರ್ಷಣೆ: ತುಕ್ಕು ಮತ್ತು ಧೂಳು ಸೇರಿದ ಪಟ್ಟಿಗಳು ಒಂದರ ಮೇಲೊಂದು ಸುಲಭವಾಗಿ ಜಾರುವುದಿಲ್ಲ. ಆದ್ದರಿಂದ ಹೊರೆ ಇಳಿಸಿದ ಬಳಿಕ ಎರಡು ಬದಿಗಳೂ ಒಂದೇ ಎತ್ತರಕ್ಕೆ ಮರಳದಿರಬಹುದು.

ಟೈರು, ದೇಹ ಮತ್ತು ಚಾಸಿಸ್: ಒಂದು ಟೈರಿನಲ್ಲಿ 8 ಮಿ.ಮೀ., ಇನ್ನೊಂದರಲ್ಲಿ 2 ಮಿ.ಮೀ. ಪದರ ಉಳಿದಿದ್ದರೆ ಅಷ್ಟರಿಂದಲೇ 6 ಮಿ.ಮೀ. ಅಂತರ ಉಂಟಾಗುತ್ತದೆ. ದೇಹ ಮತ್ತು ಚಾಸಿಸ್ ನಡುವಿನ ರಬ್ಬರ್‌ಗಳು ಕುಸಿದಿರಬಹುದು. ಅಪಘಾತಕ್ಕೊಳಗಾದ ಅಥವಾ ವರ್ಷಗಟ್ಟಲೆ ಅಧಿಕ ಹೊರೆ ಹೊತ್ತ ವಾಹನದ ಚಾಸಿಸ್ ತಿರುಚಿಕೊಂಡಿರಲೂಬಹುದು.

ವಾಲಿದಂತೆ ತೋರುವ ಪಕ್ಕಸರಿತ: ಸುರುಳಿ ಸ್ಪ್ರಿಂಗ್‌ನ ಗಟ್ಟಿ ಆಕ್ಸಲ್ ಅನ್ನು ಅಡ್ಡಲಾಗಿ ಹಿಡಿದಿಡುವ ಪ್ಯಾನಾರ್ಡ್ ರಾಡ್, ದೇಹ ಮೇಲೆದ್ದಾಗ ಹೆಚ್ಚು ಓರೆಯಾಗಿ ಆಕ್ಸಲನ್ನು ಒಂದು ಪಕ್ಕಕ್ಕೆ ಎಳೆಯುತ್ತದೆ. 900 ಮಿ.ಮೀ. ಉದ್ದದ ರಾಡ್‌ನ ಎರಡು ತುದಿಗಳ ಎತ್ತರದ ಅಂತರ 100 ಮಿ.ಮೀ.ಯಿಂದ 150 ಮಿ.ಮೀ.ಗೆ ಏರಿದರೆ ಆಕ್ಸಲ್ ಸುಮಾರು 7 ಮಿ.ಮೀ. ಪಕ್ಕಕ್ಕೆ ಸರಿಯುತ್ತದೆ. ಒಂದು ಬದಿಯ ಟೈರು ಹೊರಗೆ ಚಾಚಿ, ಇನ್ನೊಂದು ಒಳಗೆ ಸರಿದು, ನೋಡುವವರಿಗೆ ವಾಹನ ವಾಲಿದಂತೆ ಭಾಸವಾಗುತ್ತದೆ. ಇದು ಎತ್ತರದ ದೋಷವಲ್ಲ. ಹೊಂದಿಕೆಯ ಉದ್ದವಿರುವ ರಾಡ್‌ನಿಂದ ಇದನ್ನು ಸರಿಪಡಿಸಲಾಗುತ್ತದೆ.

ಅಳತೆಯ ವಿಧಾನ

ನೆಲದ ಸಮತೆ ಅಳತೆಗೆ ಮೂಲ. ಎರೆಮಣ್ಣಿನ ಅಂಗಳ ಕಣ್ಣಿಗೆ ಮಟ್ಟವಾಗಿ ಕಂಡರೂ ಒಂದೆರಡು ಬೆರಳಿನಷ್ಟು ಏರುಪೇರು ಇರುವುದು ಸಹಜ. ಕಾಂಕ್ರೀಟ್ ಹಾಸು ಅಥವಾ ಈ ಭಾಗದಲ್ಲಿ ಹೆಚ್ಚಾಗಿ ಬಳಸುವ ಶಹಾಬಾದ್ ಕಲ್ಲಿನ ಹಾಸು ಉತ್ತಮವಾದರೂ, ನಾಲ್ಕು ಚಕ್ರಗಳು ನಿಲ್ಲುವ ಜಾಗಗಳನ್ನು ಗೌಂಡಿಗಳು ಬಳಸುವ ನೀರು ತುಂಬಿದ ಲೆವೆಲ್ ಪೈಪಿನಿಂದ ಪರೀಕ್ಷಿಸಿಕೊಳ್ಳಬೇಕು. ವಾಹನವನ್ನು ಅದೇ ಜಾಗದಲ್ಲಿ ಹಿಂದುಮುಂದಾಗಿ ತಿರುಗಿಸಿ ನಿಲ್ಲಿಸಿ ಮತ್ತೆ ಅಳೆಯುವುದು ಇನ್ನೊಂದು ಸರಳ ಪರೀಕ್ಷೆ: ವಾಲುವಿಕೆ ಬದಿ ಬದಲಿಸಿದರೆ ದೋಷ ನೆಲದಲ್ಲಿದೆ.

ಟೈರುಗಳ ಗಾಳಿಯನ್ನು ಸೂಚಿತ ಒತ್ತಡಕ್ಕೆ ತಂದು, ಹೊರೆ ಇಳಿಸಿ, ಸ್ಟೀರಿಂಗ್ ನೇರವಾಗಿಟ್ಟು, ವಾಹನವನ್ನು ಕೆಲವು ಮೀಟರು ಮುಂದಕ್ಕೆ ಓಡಿಸಿ ನಿಲ್ಲಿಸಲಾಗುತ್ತದೆ. ಪ್ರತಿ ಮೂಲೆಯನ್ನೂ ಕೆಲವು ಬಾರಿ ಒತ್ತಿಬಿಟ್ಟರೆ ಸ್ಪ್ರಿಂಗ್‌ಗಳು ತಮ್ಮ ಸ್ಥಾನಕ್ಕೆ ಬರುತ್ತವೆ. ಬಳಿಕ ಪ್ರತಿ ಮೂಲೆಯಲ್ಲೂ ಮೂರು ಅಳತೆಗಳನ್ನು ತೆಗೆದುಕೊಳ್ಳಲಾಗುತ್ತದೆ:

1. ನೆಲದಿಂದ ಚಕ್ರದ ನಡುವಿಗೆ. ಇಲ್ಲಿ ಅಂತರವಿದ್ದರೆ ಕಾರಣ ಟೈರು ಅಥವಾ ಗಾಳಿಯ ಒತ್ತಡ.
2. ಆಕ್ಸಲ್‌ನಿಂದ ಅಥವಾ ಕೆಳತೋಳಿನಿಂದ ಚಾಸಿಸ್‌ಗೆ. ಇಲ್ಲಿ ಅಂತರವಿದ್ದರೆ ಕಾರಣ ಸ್ಪ್ರಿಂಗ್, ಬುಷ್, ಭಾರದ ಹಂಚಿಕೆ ಅಥವಾ ಚಾಸಿಸ್‌ನ ತಿರುಚು.
3. ಚಾಸಿಸ್‌ನಿಂದ ಮಡ್‌ಗಾರ್ಡಿನ ಅಂಚಿಗೆ. ಇಲ್ಲಿ ಅಂತರವಿದ್ದರೆ ದೋಷ ದೇಹದ ಜೋಡಣೆಯಲ್ಲಿದೆ. ಸ್ಪ್ರಿಂಗ್ ಮುಟ್ಟುವ ಅಗತ್ಯವಿಲ್ಲ.

ನೆಲದಿಂದ ಮಡ್‌ಗಾರ್ಡಿಗೆ ಒಂದೇ ಅಳತೆ ತೆಗೆದರೆ ಈ ಮೂರೂ ಕಾರಣಗಳು ಬೆರೆತುಹೋಗುತ್ತವೆ. ವಾಲುವಿಕೆಯ ಬಗೆಗಿನ ತಪ್ಪು ತೀರ್ಮಾನಗಳಲ್ಲಿ ಹೆಚ್ಚಿನವು ಹುಟ್ಟುವುದು ಇಲ್ಲಿಂದ. ಎಡ-ಬಲಗಳ ನಡುವೆ ಸುಮಾರು 10 ಮಿ.ಮೀ. ಒಳಗಿನ ಅಂತರವನ್ನು ಸಾಮಾನ್ಯವಾಗಿ ಸಹಜವೆಂದು ಬಿಡಲಾಗುತ್ತದೆ. ಆಯಾ ವಾಹನದ ಸರ್ವಿಸ್ ಕೈಪಿಡಿ ಬೇರೆ ಮಿತಿ ಕೊಟ್ಟಿದ್ದರೆ ಅದೇ ಅಂತಿಮ.

ಕಾರಣವನ್ನು ಪತ್ತೆಹಚ್ಚುವ ಪರೀಕ್ಷೆಗಳು

ತೂಕದ ಪರೀಕ್ಷೆ: ಹತ್ತಿ, ಭತ್ತ, ತೊಗರಿ ತೂಗುವ ವೇಬ್ರಿಡ್ಜ್ ಇದಕ್ಕೆ ಉಪಯುಕ್ತ. ವೇದಿಕೆಯೂ ಪಕ್ಕದ ನೆಲವೂ ಒಂದೇ ಮಟ್ಟದಲ್ಲಿದ್ದಲ್ಲಿ, ಮೊದಲು ಎಡಬದಿಯ ಚಕ್ರಗಳನ್ನು ಮಾತ್ರ, ಆಮೇಲೆ ಬಲಬದಿಯ ಚಕ್ರಗಳನ್ನು ಮಾತ್ರ ವೇದಿಕೆಯ ಮೇಲೆ ನಿಲ್ಲಿಸಿ ತೂಗಲಾಗುತ್ತದೆ. ಒಂದು ಬದಿಯ ಚಕ್ರಗಳ ಮೇಲೆ ಬೀಳುವ ಒಟ್ಟು ಭಾರವನ್ನು ನಿರ್ಧರಿಸುವುದು ವಾಹನದ ಗುರುತ್ವಕೇಂದ್ರ; ಸ್ಪ್ರಿಂಗ್ ಬದಲಿಸಿದರೆ ಅದು ಹೇಳಿಕೊಳ್ಳುವಷ್ಟು ಬದಲಾಗುವುದಿಲ್ಲ. ಆದ್ದರಿಂದ ಎರಡು ತೂಕಗಳು ಬಹುತೇಕ ಸಮವಾಗಿದ್ದೂ ವಾಹನ ವಾಲಿದ್ದರೆ, ಭಾರ ಕಾರಣವಲ್ಲವೆಂದು ಖಚಿತವಾಗುತ್ತದೆ. ದೊಡ್ಡ ವೇಬ್ರಿಡ್ಜ್‌ಗಳು 5, 10 ಅಥವಾ 20 ಕಿ.ಗ್ರಾಂ ಮೆಟ್ಟಿಲುಗಳಲ್ಲಿ ತೂಕ ತೋರಿಸುವುದರಿಂದ ಸಣ್ಣ ವ್ಯತ್ಯಾಸಗಳನ್ನು ಲೆಕ್ಕಕ್ಕೆ ಹಿಡಿಯಬಾರದು.

ಮುಂಬದಿ-ಹಿಂಬದಿ ಪರೀಕ್ಷೆ: ಚಾಸಿಸ್ ಗಟ್ಟಿಯಾಗಿರುವುದರಿಂದ ಮುಂಬದಿಯ ದೋಷ ಹಿಂಬದಿಯಲ್ಲಿಯೂ ಕಾಣುತ್ತದೆ. ಮುಂಚಕ್ರಗಳಿಗೆ ತಡೆಗಲ್ಲು ಕೊಟ್ಟು, ಹಿಂಬದಿಯನ್ನು ತಯಾರಕರು ಅನುಮತಿಸಿದ ನಡುಮಧ್ಯದ ಒಂದೇ ಬಿಂದುವಿನಲ್ಲಿ ಜಾಕ್‌ನಿಂದ ತುಸುವೇ ಎತ್ತಲಾಗುತ್ತದೆ. ಆಗ ಹಿಂದಿನ ಸ್ಪ್ರಿಂಗ್‌ಗಳಿಗೆ ದೇಹವನ್ನು ವಾಲಿಸುವ ಬಲ ಇರುವುದಿಲ್ಲ. ವಾಲುವಿಕೆ ಹಾಗೇ ಉಳಿದರೆ ಮೂಲ ಮುಂಬದಿಯಲ್ಲಿ, ಮಾಯವಾದರೆ ಹಿಂಬದಿಯಲ್ಲಿ. ಜಾಕ್ ಒಂದರ ಆಧಾರದಲ್ಲಿರುವ ವಾಹನದ ಕೆಳಗೆ ಯಾರೂ ಹೋಗಬಾರದು.

ಕೊಂಡಿ ಬಿಚ್ಚುವ ಪರೀಕ್ಷೆ: ಆಂಟಿ-ರೋಲ್ ಬಾರ್‌ನ ಒಂದು ಕೊಂಡಿಯನ್ನು ಬಿಚ್ಚಿದಾಗ ವಾಹನ ನೇರವಾದರೆ ದೋಷ ಕೊಂಡಿಯ ಉದ್ದದಲ್ಲಿದೆ.

ಅದಲುಬದಲು ಪರೀಕ್ಷೆ: ಮೇಲಿನ ಯಾವುದರಿಂದಲೂ ಉತ್ತರ ಸಿಗದಿದ್ದಾಗ ಎಡ-ಬಲ ಸ್ಪ್ರಿಂಗ್‌ಗಳನ್ನು ಪರಸ್ಪರ ಬದಲಾಯಿಸಲಾಗುತ್ತದೆ. ವಾಲುವಿಕೆ ಸ್ಪ್ರಿಂಗ್‌ನೊಂದಿಗೆ ಇನ್ನೊಂದು ಬದಿಗೆ ಹೋದರೆ ಸ್ಪ್ರಿಂಗ್ ಜೋಡಿ ಸಮವಾಗಿಲ್ಲ. ಅದು ಹಳೆಯ ಬದಿಯಲ್ಲೇ ಉಳಿದರೆ ಸ್ಪ್ರಿಂಗ್ ನಿರ್ದೋಷಿ. ಚಾಸಿಸ್, ತಟ್ಟೆ, ಬುಷ್ ಅಥವಾ ಭಾರದ ಕಡೆ ನೋಡಬೇಕು. ಎಡ-ಬಲಕ್ಕೆ ಬೇರೆ ಬೇರೆ ಉದ್ದದ ಸ್ಪ್ರಿಂಗ್ ಇರುವ ವಾಹನದಲ್ಲಿ ಈ ಪರೀಕ್ಷೆಯ ಫಲವನ್ನು ಆ ಅಂತರ ಕಳೆದು ಓದಬೇಕಾಗುತ್ತದೆ.

ಸರಿಪಡಿಸುವ ಕ್ರಮ

ಪರಿಹಾರಗಳನ್ನು ಸುಲಭವಾದದ್ದರಿಂದ ಕಷ್ಟವಾದದ್ದಕ್ಕೆ, ಬಿಡಿಭಾಗ ಸೇರಿಸದ ಕ್ರಮದಿಂದ ಸೇರಿಸುವ ಕ್ರಮಕ್ಕೆ ಎಂಬ ಸರಣಿಯಲ್ಲಿ ಕೈಗೊಳ್ಳುವುದು ವಾಡಿಕೆ.

ಮೊದಲನೆಯದು ಬುಷ್‌ಗಳ ಮರುಬಿಗಿತ. ವಾಹನ ತನ್ನ ಚಕ್ರಗಳ ಮೇಲೆ ನಿಂತಿರುವಾಗ ತೋಳುಗಳ, ಪಾಟಾದ ಕಣ್ಣುಗಳ ಮತ್ತು ಶ್ಯಾಕಲ್‌ಗಳ ಬೋಲ್ಟುಗಳನ್ನು ಸಡಿಲಿಸಿ, ದೇಹವನ್ನು ಒತ್ತಿಬಿಟ್ಟು, ಮತ್ತೆ ಕೈಪಿಡಿಯಲ್ಲಿ ಹೇಳಿದ ಬಿಗಿತಕ್ಕೆ ಟಾರ್ಕ್ ರೆಂಚ್‌ನಿಂದ ಬಿಗಿಯಲಾಗುತ್ತದೆ. ಯಾವ ಖರ್ಚೂ ಇಲ್ಲದ ಈ ಕ್ರಮದಿಂದಲೇ ಅನೇಕ ವಾಹನಗಳು ನೇರವಾಗುತ್ತವೆ. ಎರಡನೆಯದು ಸ್ಪ್ರಿಂಗ್‌ನ ಕೂರಿಕೆ, ರಬ್ಬರ್ ಪದರ, ಸೆಂಟರ್ ಬೋಲ್ಟ್ ಮತ್ತು ಬಿಡಿಭಾಗದ ಸಂಖ್ಯೆಗಳ ಪರಿಶೀಲನೆ. ಹೊಸ ಸ್ಪ್ರಿಂಗ್‌ಗಳು ಮೊದಲ ಕೆಲವು ನೂರು ಕಿಲೋಮೀಟರುಗಳ ಓಟದಲ್ಲಿ ತುಸು ತಗ್ಗುವುದರಿಂದ, ಯು-ಬೋಲ್ಟ್‌ಗಳನ್ನು ಆ ಬಳಿಕ ಮತ್ತೊಮ್ಮೆ ಬಿಗಿದು, ಎತ್ತರವನ್ನೂ ಆಗಲೇ ಮರಳಿ ಅಳೆಯಲಾಗುತ್ತದೆ.

ಸ್ಪ್ರಿಂಗ್ ಜೋಡಿಯೇ ಅಸಮವಾಗಿದ್ದರೆ ಜೋಡಿಯನ್ನು ಪೂರ್ತಿಯಾಗಿ ಬದಲಿಸಬೇಕು. ಒಂದು ಹಳೆಯದು, ಒಂದು ಹೊಸದು ಎಂಬ ವ್ಯವಸ್ಥೆ ಹೆಚ್ಚುಕಾಲ ಸಮವಾಗಿ ಉಳಿಯುವುದಿಲ್ಲ. ಟಾರ್ಷನ್ ಬಾರ್ ಇರುವ ವಾಹನದಲ್ಲಿ ಎರಡೂ ಬದಿಯ ಬೋಲ್ಟುಗಳನ್ನು ಸ್ವಲ್ಪ ಸ್ವಲ್ಪವಾಗಿ, ಪ್ರತಿ ಬಾರಿ ವಾಹನ ಓಡಿಸಿ ಅಳೆಯುತ್ತ ಹೊಂದಿಸಲಾಗುತ್ತದೆ.

ಪಾಟಾದ ವಿಷಯದಲ್ಲಿ ಎರಡು ಅಭ್ಯಾಸಗಳ ಬಗ್ಗೆ ಎಚ್ಚರ ಅಗತ್ಯ. ಒಂದು, ತಗ್ಗಿದ ಬದಿಗೆ ಮಾತ್ರ ಹೆಚ್ಚುವರಿ ಪಟ್ಟಿ ಹಾಕುವುದು. ಇದರಿಂದ ಖಾಲಿ ವಾಹನ ನೇರವಾಗಿ ನಿಂತರೂ ಎರಡು ಬದಿಗಳ ಬಿಗಿತ ಬೇರೆಯಾಗುತ್ತದೆ. ಹೊರೆ ಹೇರಿದಾಗ ಮೃದುವಾದ ಬದಿ ಹೆಚ್ಚು ಕುಗ್ಗಿ ವಾಹನ ಎದುರು ದಿಕ್ಕಿಗೆ ವಾಲುತ್ತದೆ. ಇನ್ನೊಂದು, ಕುಸಿದ ಪಟ್ಟಿಯನ್ನು ಕುಲುಮೆಯಲ್ಲಿ ಕೆಂಪಗೆ ಕಾಯಿಸಿ ಬಡಿದು ಬಾಗು ಕೊಡುವುದು. ಸ್ಪ್ರಿಂಗ್ ಉಕ್ಕಿನ ಶಕ್ತಿ ಇರುವುದು ಕಾಯಿಸಿ ತಣಿಸಿ ಕೊಟ್ಟ ಹದದಲ್ಲಿ. ಮತ್ತೆ ಕಾಯಿಸಿದಾಗ ಆ ಹದ ಕೆಡುತ್ತದೆ. ಪೂರ್ತಿ ಉಷ್ಣೋಪಚಾರವನ್ನು ಮರಳಿ ಮಾಡದಿದ್ದರೆ ಪಟ್ಟಿ ಬೇಗ ಕುಸಿಯುತ್ತದೆ ಅಥವಾ ಮುರಿಯುತ್ತದೆ. ಹೊರೆಯೊಂದಿಗೆ ಓಡುವಾಗ ಪಾಟಾ ಕಟ್ಟಾಗಿ ವಾಹನ ಚಾಲಕನ ಹಿಡಿತ ತಪ್ಪುವ ಅಪಾಯ ಇದರ ಜೊತೆಗಿರುತ್ತದೆ.

ಪ್ಯಾಕಿಂಗ್ ಮತ್ತು ಅದರ ಅಡ್ಡಪರಿಣಾಮ

ಕಾರಣ ನಿಜವಾಗಿಯೂ ಭಾರದ ಅಸಮತೆಯೇ ಆಗಿದ್ದು, ಆ ಭಾರವನ್ನು ಸ್ಥಳಾಂತರಿಸಲು ಸಾಧ್ಯವಿಲ್ಲದಿದ್ದಾಗ, ಸ್ಪ್ರಿಂಗ್‌ನ ತಟ್ಟೆಯಡಿ ಸ್ಪೇಸರ್ ಇಡುವುದು ಅಂಗೀಕೃತ ಪರಿಹಾರ. ಗ್ಯಾರೇಜಿನ ಮಾತಿನಲ್ಲಿ ಇದೇ ಪ್ಯಾಕಿಂಗ್. ಇದರ ದಪ್ಪವೂ ಎತ್ತರದಲ್ಲಾಗುವ ಬದಲಾವಣೆಯೂ ಒಂದೇ ಅಲ್ಲ. ಸ್ವತಂತ್ರ ಸಸ್ಪೆನ್ಷನ್‌ನಲ್ಲಿ ಸ್ಪ್ರಿಂಗ್ ತೋಳಿನ ನಡುಭಾಗದಲ್ಲಿರುತ್ತದೆ. ಚಕ್ರ 10 ಮಿ.ಮೀ. ಚಲಿಸಿದಾಗ ಸ್ಪ್ರಿಂಗ್ 6 ಮಿ.ಮೀ. ಮಾತ್ರ ಕುಗ್ಗುವ ವಿನ್ಯಾಸದಲ್ಲಿ, 6 ಮಿ.ಮೀ. ಪ್ಯಾಕಿಂಗ್ ಚಕ್ರದ ಬಳಿ 10 ಮಿ.ಮೀ. ಆಗಿ ಕಾಣುತ್ತದೆ. ಗಟ್ಟಿ ಆಕ್ಸಲ್‌ನಲ್ಲಿ ಸ್ಪ್ರಿಂಗ್‌ಗಳು ಚಕ್ರಗಳಿಗಿಂತ ಒಳಗಿರುತ್ತವೆ. ಅವುಗಳ ನಡುವೆ 1,000 ಮಿ.ಮೀ. ಅಂತರವಿದ್ದು, ಎರಡು ಬದಿಯ ಮಡ್‌ಗಾರ್ಡಿನ ಅಂಚುಗಳ ನಡುವೆ 1,600 ಮಿ.ಮೀ. ಇದ್ದರೆ, ಸ್ಪ್ರಿಂಗ್‌ನ ಬಳಿಯ 10 ಮಿ.ಮೀ. ವ್ಯತ್ಯಾಸ ಅಂಚಿನಲ್ಲಿ 16 ಮಿ.ಮೀ. ಆಗುತ್ತದೆ.

ಒಂದೇ ಮೂಲೆಗೆ ಪ್ಯಾಕಿಂಗ್ ಇಟ್ಟರೆ ಉಳಿದ ಮೂರು ಮೂಲೆಗಳೂ ಬದಲಾಗುತ್ತವೆ. ನಾಲ್ಕೂ ಸ್ಪ್ರಿಂಗ್‌ಗಳು ಸಮಾನ ಬಿಗಿತದವು, ದೇಹ ಬಾಗದ ಒಂದು ಹಲಗೆಯಂತಿದೆ ಎಂದು ಭಾವಿಸಿ ಲೆಕ್ಕ ಹಾಕಿದರೆ, ಎಡ ಮುಂಬದಿಗೆ 12 ಮಿ.ಮೀ. ಪ್ಯಾಕಿಂಗ್ ಇಟ್ಟಾಗ ಆಗುವ ಬದಲಾವಣೆ ಹೀಗಿರುತ್ತದೆ:

- ಎಡ ಮುಂಬದಿ: 9 ಮಿ.ಮೀ. ಏರಿಕೆ
- ಬಲ ಮುಂಬದಿ: 3 ಮಿ.ಮೀ. ಏರಿಕೆ
- ಎಡ ಹಿಂಬದಿ: 3 ಮಿ.ಮೀ. ಏರಿಕೆ
- ಬಲ ಹಿಂಬದಿ: 3 ಮಿ.ಮೀ. ಇಳಿಕೆ

ಇದರ ಫಲವಾಗಿ ಎಡ ಮುಂಬದಿ ಮತ್ತು ಬಲ ಹಿಂಬದಿಯ ಕರ್ಣದ ಮೇಲೆ ಭಾರ ಹೆಚ್ಚುತ್ತದೆ. ಇನ್ನೊಂದು ಕರ್ಣದಲ್ಲಿ ಕಡಿಮೆಯಾಗುತ್ತದೆ. ಭಾರ ಕಡಿಮೆಯಾದ ಚಕ್ರ ಒದ್ದೆ ರಸ್ತೆಯಲ್ಲಿ ಬ್ರೇಕ್ ಹಾಕಿದಾಗ ಮೊದಲು ಜಾರುತ್ತದೆ. ನಾಲ್ಕು ಕಾಲಿನ ಮೇಜಿನ ಒಂದು ಕಾಲಿಗೆ ಮಾತ್ರ ಚಕ್ಕೆ ಕೊಟ್ಟಂತೆ ಇದು. ಹೀಗಾಗಿ ದೊಡ್ಡ ವ್ಯತ್ಯಾಸವನ್ನು ಒಂದೇ ಮೂಲೆಯಲ್ಲಿ ತುಂಬಿಸದೆ, ತಗ್ಗಿದ ಬದಿಯ ಮುಂದಕ್ಕೂ ಹಿಂದಕ್ಕೂ ಹಂಚುವುದು ಉತ್ತಮ. ಮರದ ತುಂಡು, ಹಳೆಯ ಟೈರಿನ ಚೂರು ಮೊದಲಾದವು ಜಾರಿ ಹೊರಬೀಳಬಹುದಾದ್ದರಿಂದ ಪ್ಯಾಕಿಂಗ್ ಆಗಿ ಬಳಸಲು ಯೋಗ್ಯವಲ್ಲ.

ಸುರಕ್ಷತೆ

ವಾಹನ ಮಗುಚಿಕೊಳ್ಳದೆ ನಿಲ್ಲುವ ಸಾಮರ್ಥ್ಯವನ್ನು ಅಂದಾಜಿಸಲು, ಎಡ-ಬಲ ಚಕ್ರಗಳ ನಡುವಿನ ಅಗಲವನ್ನು ಗುರುತ್ವಕೇಂದ್ರದ ಎತ್ತರದ ಎರಡರಷ್ಟರಿಂದ ಭಾಗಿಸುವ ಲೆಕ್ಕವಿದೆ. ಅಗಲ 1,400 ಮಿ.ಮೀ., ಗುರುತ್ವಕೇಂದ್ರ 700 ಮಿ.ಮೀ. ಎತ್ತರದಲ್ಲಿದ್ದರೆ ಫಲ 1.0. ವಾಹನವನ್ನು 50 ಮಿ.ಮೀ. ಎತ್ತರಿಸಿದಾಗ ಅದು ಸುಮಾರು 0.93ಕ್ಕೆ ಇಳಿಯುತ್ತದೆ. ವಾಲಿದ ವಾಹನದಲ್ಲಿ ಗುರುತ್ವಕೇಂದ್ರ ಒಂದು ಪಕ್ಕಕ್ಕೂ ಸರಿದಿರುವುದರಿಂದ ಆ ಬದಿಗೆ ಉಳಿಯುವ ಅವಕಾಶ ಇನ್ನೂ ಕಡಿಮೆ. ಹೊರೆ ಎತ್ತರವಾಗಿ ಪೇರಿಸಿದ ಪಿಕಪ್ ಕಾಲುವೆ ಏರಿಯ ತಿರುವಿನಲ್ಲಿ ಇಳಿಜಾರಿನ ಕಡೆಗೆ ವಾಲಿದ್ದರೆ ಈ ಅಂಕಿಗಳ ಅರ್ಥ ಸ್ಪಷ್ಟವಾಗುತ್ತದೆ. ಸರಕು ವಾಹನದಲ್ಲಿ ಕೂಲಿಕಾರರನ್ನು ಕೂರಿಸಿಕೊಂಡು ಹೋಗುವುದು ಕಾನೂನಿಗೆ ವಿರುದ್ಧ. ನಿಂತ ಜನ ತಿರುವಿನಲ್ಲಿ ಒಂದೇ ಕಡೆಗೆ ವಾಲುವುದರಿಂದ ಅಪಾಯ ಮತ್ತಷ್ಟು ಹೆಚ್ಚುತ್ತದೆ.

ಎತ್ತರಿಸಿದ ವಾಹನದಲ್ಲಿ ಬ್ರೇಕ್‌ನ ಪರೀಕ್ಷೆಯೂ ಆಗಬೇಕು. ಕೆಲವು ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲ್ ಮತ್ತು ಚಾಸಿಸ್ ನಡುವಿನ ಅಂತರವನ್ನು ಗಮನಿಸಿ ಹಿಂಚಕ್ರಗಳ ಬ್ರೇಕ್ ಒತ್ತಡವನ್ನು ನಿಯಂತ್ರಿಸುವ ಕವಾಟವಿರುತ್ತದೆ. ಅಂತರ ಹೆಚ್ಚಾದಾಗ ಈ ಕವಾಟ ವಾಹನ ಖಾಲಿಯಿದೆ ಎಂದು ಎಣಿಸಿ ಒತ್ತಡ ತಗ್ಗಿಸುತ್ತದೆ. ಎತ್ತರಿಸಿದ ಬಳಿಕ ಅದನ್ನು ಮರುಹೊಂದಿಸದಿದ್ದರೆ, ಹೊರೆ ತುಂಬಿದ ವಾಹನ ಕೂಡ ಖಾಲಿ ವಾಹನದಷ್ಟೇ ಹಿಂಬ್ರೇಕ್ ಪಡೆಯಬಹುದು. ಬ್ರೇಕ್ ಹೋಸ್‌ಗಳ ಉದ್ದ, ಪ್ರೊಪೆಲ್ಲರ್ ಶಾಫ್ಟ್‌ನ ಕೋನ, ಶಾಕ್ ಅಬ್ಸಾರ್ಬರ್‌ನ ಚಾಚುವಿಕೆ ಮತ್ತು ಹೆಡ್‌ಲೈಟ್‌ನ ದಿಕ್ಕನ್ನೂ ಪರಿಶೀಲಿಸಬೇಕು. ಎತ್ತರ ಸರಿಹೋದ ನಂತರವೇ ವ್ಹೀಲ್ ಅಲೈನ್‌ಮೆಂಟ್ ಮಾಡಿಸುವುದು ಕ್ರಮ. ಮೊದಲೇ ಮಾಡಿಸಿದರೆ ಎತ್ತರ ಬದಲಾದಂತೆ ಅದೂ ಬದಲಾಗುತ್ತದೆ.

ಕಾನೂನು

ಮೋಟಾರು ವಾಹನ ಕಾಯ್ದೆ, 1988ರ ಸೆಕ್ಷನ್ 52ರಂತೆ, ನೋಂದಣಿ ಪ್ರಮಾಣಪತ್ರದ ವಿವರಗಳು ತಯಾರಕರು ಮೂಲದಲ್ಲಿ ನಿರ್ದಿಷ್ಟಪಡಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ಮಾಲೀಕರು ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಈ ನಿಬಂಧನೆಯನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಬದಲಾದ ಸೆಕ್ಷನ್ 182ಎ ಪ್ರಕಾರ, ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕರಿಗೆ ಆರು ತಿಂಗಳವರೆಗೆ ಸೆರೆವಾಸ, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸಬಹುದು. ಸವೆದ ಸ್ಪ್ರಿಂಗ್‌ಗೆ ಬದಲಾಗಿ ತಯಾರಕರ ಮೂಲ ಅಳತೆಯ ಸ್ಪ್ರಿಂಗ್ ಹಾಕುವುದು ದುರಸ್ತಿಯೇ ಹೊರತು ಮಾರ್ಪಾಡಲ್ಲ. ಎತ್ತರವನ್ನು ಬದಲಿಸುವ ಕೆಲಸಕ್ಕೆ ಮುಂಚೆ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದು ಮತ್ತು ವಿಮಾ ಸಂಸ್ಥೆಗೆ ತಿಳಿಸುವುದು ಅಗತ್ಯ.

ಇವನ್ನೂ ನೋಡಿ

- ಹುಕ್‌ನ ನಿಯಮ
- ಗುರುತ್ವಕೇಂದ್ರ
- ಶಾಕ್ ಅಬ್ಸಾರ್ಬರ್
- ಎರೆಮಣ್ಣು
- ಯಾದಗಿರಿ ಜಿಲ್ಲೆ
- ಬಸವಸಾಗರ ಜಲಾಶಯ